ಏಪ್ರಿಲ್‌ನಲ್ಲಿ ವಿಡಿಎ ಏರಿದರೆ ಎಲ್ಲರ ಸಂಬಳವನ್ನೂ ಏರಿಸಲೇಬೇಕಾ?

ಪೀಣ್ಯದಲ್ಲಿ 22 ಜನರ ಎಂಜಿನಿಯರಿಂಗ್ ವರ್ಕ್‌ಶಾಪ್ ನಡೆಸುತ್ತಿದ್ದೀರಿ. ಏಪ್ರಿಲ್ 1ರಿಂದ ವಿಡಿಎ (ಬೆಲೆ ಏರಿಕೆಗೆ ತಕ್ಕಂತೆ ಏರುವ ತುಟ್ಟಿಭತ್ಯೆ) ಜಾಸ್ತಿ ಆಗಿದೆ, ಅಷ್ಟನ್ನೂ ಎಲ್ಲರ ಸಂಬಳಕ್ಕೆ ಸೇರಿಸಬೇಕು ಅಂತ ನಿಮ್ಮ ಅಕೌಂಟೆಂಟ್ ಹೇಳಿದ್ದಾರೆ. ಕನಿಷ್ಠ ವೇತನಕ್ಕಿಂತ ಜಾಸ್ತಿ ಪಡೆಯುವವರಿಗೂ ಸೇರಿಸಲೇಬೇಕಾ ಅನ್ನುವುದು ನಿಮ್ಮ ಪ್ರಶ್ನೆ.

ಕಾನೂನಿನ ಕಡ್ಡಾಯ ಇಲ್ಲ. ಆದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಬೇಡಿ. ಸಣ್ಣ ಕಾರ್ಖಾನೆಗಳ ಸಂಬಳದ ಲೆಕ್ಕ ನೋಡುವುದೇ ನನ್ನ ಕೆಲಸ, ಎಡವಟ್ಟು ಆಗುವುದು ಇದರ ಮುಂದಿನ ಹೆಜ್ಜೆಯಲ್ಲಿ.

ಕನಿಷ್ಠ ವೇತನದಲ್ಲಿ ಎರಡು ಭಾಗ. ಮೂಲ ವೇತನವನ್ನು ಸರ್ಕಾರ ಕೆಲವು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ, ಆ ಅಂತರ 5 ವರ್ಷ ಮೀರಬಾರದು. ನಡುವಿನ ಬೆಲೆ ಏರಿಕೆಯನ್ನು ಸರಿದೂಗಿಸಲು ವಿಡಿಎ, ಅಂದರೆ ತುಟ್ಟಿಭತ್ಯೆ. ಹಿಂದಿನ ಕ್ಯಾಲೆಂಡರ್ ವರ್ಷದ ಬೆಲೆ ಸೂಚ್ಯಂಕದ ಸರಾಸರಿ ಎಷ್ಟು ಪಾಯಿಂಟ್ ಏರಿದೆ ನೋಡಿ, ಪಾಯಿಂಟಿಗೆ ಇಷ್ಟು ಪೈಸೆ ಅಂತ ಲೆಕ್ಕ ಹಾಕುತ್ತಾರೆ. ಇದರಿಂದ ಏರುವುದು ಕನಿಷ್ಠ ಮಟ್ಟ. ಅದಕ್ಕಿಂತ ಮೇಲಿರುವವರ ಸಂಬಳ ತಾನಾಗಿ ಏರುವುದಿಲ್ಲ. 1999ರಲ್ಲಿ ಏರ್‌ಫ್ರೈಟ್ ಕಂಪನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಒಟ್ಟು ಕನಿಷ್ಠ ವೇತನಕ್ಕಿಂತ ಜಾಸ್ತಿ ಕೊಡುತ್ತಿದ್ದರೆ ವಿಡಿಎಯನ್ನು ಬೇರೆಯಾಗಿ ಕೊಡಬೇಕಿಲ್ಲ.

ಈಗ ಹೋಲಿಕೆಗೆ ಬರೋಣ. ಕನಿಷ್ಠ ವೇತನದ ಸರ್ಕಾರಿ ಅಧಿಸೂಚನೆಯಲ್ಲಿರುವ ಮೊತ್ತದ ಪಕ್ಕದಲ್ಲಿ ನೀವು ಕೊಡುವ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಮಾತ್ರ ಇಟ್ಟು ನೋಡಿ. ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಓಟಿ, ಬೋನಸ್ ಎಲ್ಲ ಸೇರಿಸಿ "ನಮ್ಮದು ಜಾಸ್ತಿನೇ ಇದೆ" ಅನ್ನುವವರು ತುಂಬಾ ಜನ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಇವೆಲ್ಲ ವೇತನದ ವ್ಯಾಖ್ಯೆಯಿಂದ ಹೊರಗಿವೆ. ಈ ಹೊರಗಿನವು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದಷ್ಟು ಮಾತ್ರ ಒಳಗೆ ಸೇರುತ್ತದೆ.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ (ಇವು ನಿಜವಾದ ದರಗಳಲ್ಲ). ಒಂದು ದರ್ಜೆಯ (ಅಕುಶಲ, ಕುಶಲ ಹೀಗೆ ಕೆಲಸದ ಮಟ್ಟ) ಕನಿಷ್ಠ ವೇತನ 14,200 ಇದ್ದದ್ದು 14,900 ಆಯಿತು. 16,000 ಪಡೆಯುವವನಿಗೆ ಏನೂ ಸೇರಿಸಬೇಕಿಲ್ಲ. 14,500 ಪಡೆಯುವವನಿಗೆ 400 ಸೇರಿಸಬೇಕು, ಪೂರ್ತಿ 700 ಅಲ್ಲ. ಆ 400ರ ಮೇಲೆ ನಿಮ್ಮ ಕಡೆಯಿಂದ ಪಿಎಫ್ ಶುಲ್ಕವೆಲ್ಲ ಸೇರಿ ಶೇ 13ರಂತೆ 52, ಇಎಸ್‌ಐ ಶೇ 3.25ರಂತೆ 13. ನಿಮಗೆ ಬೀಳುವುದು 465 ರೂಪಾಯಿ. ಅವನ ಪಾಲಿನ ಪಿಎಫ್ 48, ಇಎಸ್‌ಐ 3 ಕಳೆದು ಕೈಗೆ ಸಿಗುವುದು 349. ಗ್ರಾಚುಟಿ ಕೊನೆಯ ಸಂಬಳದ ಮೇಲೆ ನಿಂತಿರುವುದರಿಂದ ಹಳೆಯ ವರ್ಷಗಳ ಬಾಬ್ತೂ ಏರುತ್ತದೆ, ಅದನ್ನೂ ಬಜೆಟ್‌ನಲ್ಲಿಡಿ.

ಎಲ್ಲಕ್ಕಿಂತ ಮೊದಲು ದರ್ಜೆ ನೋಡಿ. ಹಾಜರಿ ಪುಸ್ತಕದಲ್ಲಿ "ಹೆಲ್ಪರ್" ಅಂತ ಇರುತ್ತದೆ, ಆದರೆ ಆ ಹುಡುಗ ವರ್ಷಗಳಿಂದ ಒಬ್ಬನೇ ಲೇತ್ ಓಡಿಸುತ್ತಿರುತ್ತಾನೆ, ಡ್ರಾಯಿಂಗ್ ನೋಡಿ ಟೂಲ್ ತಾನೇ ಕಟ್ಟುತ್ತಾನೆ. ಅವನನ್ನು ಅಕುಶಲ ದರಕ್ಕೆ ಹೋಲಿಸಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಕುಶಲ ದರಕ್ಕೆ ಹೋಲಿಸಿದಾಗ ಕೊರತೆ ಬಯಲಾಗುತ್ತದೆ. ನನಗೆ ನಿಜಕ್ಕೂ ಬೇಸರ ತರಿಸುವುದು ಇದು. ಕೆಲಸ ಕಲಿತವನಿಗೆ ಕಲಿತದ್ದರ ಬೆಲೆ ಸಿಗಬೇಕಲ್ವಾ? ಕಡಿಮೆ ಕೊಟ್ಟದ್ದಕ್ಕೆ ಕೆಲಸಗಾರ ಅಧಿಕಾರಿಯ ಮುಂದೆ ಕ್ಲೇಮ್ ಹಾಕಿದರೆ, ಕೊರತೆಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. ಕಡಿಮೆ ಸಂಬಳಕ್ಕೆ ಒಪ್ಪಿಗೆ ಅಂತ ಸಹಿ ಹಾಕಿಸಿಕೊಂಡ ಕಾಗದಕ್ಕೆ ಬೆಲೆ ಇಲ್ಲ.

ಇನ್ನು ನನ್ನ ಅಭಿಪ್ರಾಯ, ಕೇಳದಿದ್ದರೂ ಹೇಳುತ್ತೇನೆ. ಕನಿಷ್ಠಕ್ಕಿಂತ ಮೇಲಿರುವವರಿಗೂ ಸ್ವಲ್ಪವಾದರೂ ಕೊಡಿ. ಅಕ್ಕಿ, ಬಾಡಿಗೆ, ಬಸ್ ಚಾರ್ಜು ಅವರಿಗೂ ಏರಿದೆ. ಹೊಸಬ 14,900ಕ್ಕೆ ಬಂದು, ಹಳಬ 15,000ದಲ್ಲೇ ನಿಂತಿದ್ದರೆ ಆ ಹಳಬ ಎದುರಿನ ಶೆಡ್‌ಗೆ ಹೋಗುತ್ತಾನೆ.

ಅಧಿಸೂಚನೆಯ ಪ್ರತಿ ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಿಮ್ಮ ಉದ್ಯಮ, ವಲಯ (ಕಾರ್ಖಾನೆ ಇರುವ ಪ್ರದೇಶ), ದರ್ಜೆ ಮೂರನ್ನೂ ಹೊಂದಿಸಿ ಓದಿ. ವಾಟ್ಸಾಪ್‌ನಲ್ಲಿ ಬರುವ ಪಟ್ಟಿ ಬೇರೆ ಉದ್ಯಮದ್ದಾಗಿರಬಹುದು. ತಡವಾಗಿ ಗೊತ್ತಾದರೂ ಏಪ್ರಿಲ್ 1ರಿಂದಲೇ ಅರಿಯರ್ಸ್ ಕೊಡಬೇಕು, ಓಟಿಯ ವ್ಯತ್ಯಾಸವೂ ಅದರಲ್ಲಿ ಸೇರಬೇಕು. ಈ ನಡುವೆ ಕೆಲಸ ಬಿಟ್ಟು ಹೋದವರಿಗೂ ಅವರು ದುಡಿದ ದಿನಗಳ ಬಾಕಿ ಬರಬೇಕು, ಅವರ ಬ್ಯಾಂಕ್ ವಿವರ ನಿಮ್ಮ ಹತ್ತಿರ ಇದ್ದೇ ಇರುತ್ತದೆ.