ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ವಸಂತದ ಕಪ್ಪು ಕರಡಿ ಬೇಟೆಗೆ ಯಾವಾಗ, ಹೇಗೆ ಹೋಗಬೇಕು?

ವಿದೇಶಿಯರಿಗೆ ಅಲ್ಲಿ ಪರವಾನಗಿ ಇರುವ ಗೈಡ್ ಸಾಮಾನ್ಯವಾಗಿ ಕಡ್ಡಾಯ. ಮೊದಲು ಅವರನ್ನು ಗೊತ್ತುಮಾಡಿ, ವಿಮಾನದ ಟಿಕೆಟ್ ಆಮೇಲೆ. ಮೇ ತಿಂಗಳ ಎರಡನೇ ಅರ್ಧ ಒಳ್ಳೆಯದು. ಏಪ್ರಿಲ್‌ನಲ್ಲಿ ಎತ್ತರದ ಕಡೆ ಹಿಮ ಕರಗಿರುವುದಿಲ್ಲ. ಜೂನ್ ಹೊತ್ತಿಗೆ ಕರಡಿ ಮರಕ್ಕೆ ಮೈ ಉಜ್ಜಿ ಉಜ್ಜಿ ಕೂದಲು ಉದುರಿರುತ್ತದೆ.

ಗವಿಯಿಂದ ಎದ್ದ ಕರಡಿಗೆ ಎಳೆ ಹುಲ್ಲೇ ಊಟ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು, ಮರ ಸಾಗಿಸಿ ಬಿಟ್ಟ ಹಳೇ ದಾರಿಗಳನ್ನು ಸಂಜೆವರೆಗೂ ದುರ್ಬೀನಿನಲ್ಲಿ ನೋಡುತ್ತ ಕೂರಿ. ಆಮಿಷ ಇಡುವುದು ನಿಷಿದ್ಧ.

ಅವಸರದವರು ಎಡವುವುದು ಮರಿ ಇರುವ ತಾಯಿಯ ವಿಷಯದಲ್ಲಿ. ಮರಿಗಳು ಹುಲ್ಲಲ್ಲೋ ಮರದ ಮೇಲೋ ಮರೆಯಾಗಿರುತ್ತವೆ. ಗುಂಡು ಹಾರಿಸುವ ಮುನ್ನ ಹತ್ತು ನಿಮಿಷವಾದರೂ ಕಾಯಿರಿ. ಹೆಗಲ ಮೇಲೆ ಗೂನು ಕಂಡರೆ ಅದು ಗ್ರಿಜ್ಲಿ ಎಂಬ ಕಂದು ಕರಡಿ, ಅದರ ಬೇಟೆಯನ್ನು 2017ರಲ್ಲೇ ನಿಲ್ಲಿಸಲಾಗಿದೆ.

ಮಾಂಸ ಬಿಟ್ಟುಬರುವಂತಿಲ್ಲ. ಅದರಲ್ಲಿ ಟ್ರೈಕಿನೆಲ್ಲಾ ಹುಳು ಇರಬಹುದು, ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿ. ಫ್ರೀಜರನ್ನು ನಂಬಬೇಡಿ, ಉತ್ತರದ ತಳಿ ಚಳಿಗೆ ಸಾಯುವುದಿಲ್ಲ.