ಪುಣೆ–ಹುಬ್ಬಳ್ಳಿ 380 ಕಿ.ಮೀ.: ವಿಮಾನ ಅರ್ಧ ತಾಸಿನಲ್ಲಿ ಯಾಕೆ ಮುಟ್ಟುವುದಿಲ್ಲ?

ಪ್ರಶ್ನೆ: ನಾವು ಹುಬ್ಬಳ್ಳಿಯವರು, ಈಗ ಪುಣೆಯ ಚಿಂಚ್ವಡದಲ್ಲಿದ್ದೇವೆ. ಊರಿನಿಂದ ಅವ್ವನನ್ನು ಕರೆಸಬೇಕು. ಮೊಣಕಾಲು ನೋವಿದೆ, ರಾತ್ರಿಯಿಡೀ ಬಸ್ಸಿನಲ್ಲಿ ಕೂರಲಾರರು. ವಿಮಾನದ ದೂರ 380 ಕಿ.ಮೀ. ಅಂತ ಇದೆ, ಟಿಕೆಟ್‌ನಲ್ಲಿ ಮಾತ್ರ 1 ತಾಸು 10 ನಿಮಿಷ. ತಾಸಿಗೆ 800 ಕಿ.ಮೀ. ಹೋಗುವ ವಿಮಾನಕ್ಕೆ ಇಷ್ಟು ಹೊತ್ತು ಯಾಕೆ? ನಿಜವಾಗಿ ಸಮಯ ಉಳಿಯುತ್ತದಾ?

ಉತ್ತರ: ಆ 380 ಅನ್ನುವುದು ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆಯ ಲೆಕ್ಕ. ಪುಣೆಯ ವಿಮಾನ ನಿಲ್ದಾಣವಿರುವ ಲೋಹಗಾಂವ್‌ನಿಂದ ಎಳೆದರೆ ಸಾಂಗ್ಲಿ, ಗೋಕಾಕದ ಹತ್ತಿರ ಹಾಯ್ದು ಹುಬ್ಬಳ್ಳಿಗೆ ಬರುತ್ತದೆ. ರಸ್ತೆಯಲ್ಲಿ ಸುಮಾರು 430. ರೈಲು ಮೀರಜ್, ಬೆಳಗಾವಿ, ಲೋಂಡಾ ಸುತ್ತಿಕೊಂಡು ಹೋಗುವುದರಿಂದ 550 ದಾಟುತ್ತದೆ.

ವಿಮಾನವೂ ಆ ಗೆರೆ ಹಿಡಿದು ಹೋಗುವುದಿಲ್ಲ. ಪುಣೆಯ ರನ್‌ವೇ ಪೂರ್ವ–ಪಶ್ಚಿಮ, ಹುಬ್ಬಳ್ಳಿಯದ್ದೂ ಹೆಚ್ಚುಕಡಿಮೆ ಹಾಗೇ, ಆದರೆ ಹೋಗಬೇಕಾದದ್ದು ದಕ್ಷಿಣಕ್ಕೆ. ಅಂದರೆ ಏರಿದ ಮೇಲೆ ಒಂದು ತಿರುವು, ಇಳಿಯುವ ಮುಂಚೆ ಇನ್ನೊಂದು. ಗಾಳಿಗೆ ಎದುರಾಗಿಯೇ ಏರಬೇಕು, ಇಳಿಯಬೇಕು. ಮಳೆಗಾಲದಲ್ಲಿ ಪಡುವಣ ಗಾಳಿ ಜೋರಾಗಿದ್ದಾಗ ಹುಬ್ಬಳ್ಳಿಗೆ ಬರುವ ವಿಮಾನ ಊರಿನ ಪೂರ್ವಕ್ಕೆ ಹೋಗಿ ತಿರುಗಿ ಬರಬೇಕಾಗುತ್ತದೆ.

ಇನ್ನು ವೇಗ. 800 ಅನ್ನುವುದು ಜೆಟ್ ವಿಮಾನ ಪೂರ್ತಿ ಮೇಲೇರಿದ ನಂತರದ ಮಾತು. ಇಳಿಯುವುದಕ್ಕೆ ಪೈಲಟ್‌ಗಳ ಒಂದು ಸುಲಭ ಲೆಕ್ಕ ಇದೆ: ಪ್ರತಿ ಸಾವಿರ ಅಡಿಗೆ 3 ನಾಟಿಕಲ್ ಮೈಲಿ (ವಿಮಾನ, ಹಡಗಿನವರ ಮೈಲಿ, ಸುಮಾರು 1.85 ಕಿ.ಮೀ.). 30,000 ಅಡಿಯಲ್ಲಿದ್ದರೆ 90 ಮೈಲಿ, ಅಂದರೆ ಸುಮಾರು 165 ಕಿ.ಮೀ. ಮೊದಲೇ ಇಳಿಯಲು ಶುರು ಮಾಡಬೇಕು. ಏರುವುದಕ್ಕೂ ಬೇಕಾದಷ್ಟು ದೂರ ಹೋಗುತ್ತದೆ. 380ರಲ್ಲಿ ಪೂರ್ತಿ ವೇಗಕ್ಕೆ ಉಳಿಯುವುದು ಎಷ್ಟು ಹೇಳಿ? ಮೇಲಾಗಿ 10,000 ಅಡಿಗಿಂತ ಕೆಳಗೆ 250 ನಾಟ್, ಅಂದರೆ ತಾಸಿಗೆ ಸುಮಾರು 460 ಕಿ.ಮೀ. ಮಿತಿ. ಇಂಥ ಸಣ್ಣ ದೂರಕ್ಕೆ ಎಷ್ಟೋ ಸಲ ಹಾಕುವುದು ಎಟಿಆರ್, ರೆಕ್ಕೆಯ ಮೇಲೆ ಪಂಖ ತಿರುಗುವ ಸಣ್ಣ ವಿಮಾನ. ಅದರ ವೇಗವೇ ತಾಸಿಗೆ 500ರ ಆಸುಪಾಸು. ಅದಕ್ಕೆ ಹೆದರಬೇಡಿ, ಇಷ್ಟು ಹತ್ತಿರದ ಊರಿಗೆ ಜೆಟ್‌ಗೂ ಅದಕ್ಕೂ ಹೆಚ್ಚೆಂದರೆ ಕಾಲು ತಾಸಿನ ವ್ಯತ್ಯಾಸ. ನೀರು ಕುಡಿದು ಖಾಲಿ ಲೋಟ ವಾಪಸ್ ಕೊಡುವಷ್ಟರಲ್ಲಿ ಕಿವಿ ಕಟ್ಟಲು ಶುರುವಾಗುತ್ತದೆ, ಇಳಿಯುತ್ತಿದ್ದೇವೆ ಅಂತ ಗೊತ್ತಾಗುತ್ತದೆ.

ಟಿಕೆಟ್‌ನಲ್ಲಿರುವ ಸಮಯ ಹಾರಾಟದ್ದಷ್ಟೇ ಅಲ್ಲ. ನಿಂತ ಜಾಗದಿಂದ ವಿಮಾನ ಕದಲಿದಾಗಿನಿಂದ, ಆ ಕಡೆ ಬಂದು ನಿಲ್ಲುವ ತನಕ. ನೆಲದ ಮೇಲೆ ಸಾಗುವುದು, ಸರದಿ ಕಾಯುವುದು ಎಲ್ಲ ಇದರಲ್ಲೇ ಸೇರಿದೆ. ಲೋಹಗಾಂವ್ ವಾಯುಪಡೆಯ ನೆಲೆ, ರನ್‌ವೇ ಯುದ್ಧವಿಮಾನಗಳಿಗೂ ಬೇಕು. ಹಾಗಾಗಿ ಸ್ವಲ್ಪ ಕಾಯಬೇಕಾಗಬಹುದು.

ಸಮಯ ಉಳಿಯುತ್ತದಾ ಅಂದರೆ, ಉಳಿಯುತ್ತದೆ, ಆದರೆ ನೀವು ಅಂದುಕೊಂಡಷ್ಟಲ್ಲ. ಅವ್ವ ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಒಂದೂವರೆ ತಾಸು ಮೊದಲೇ ಹೋಗಿರಬೇಕು, ಇಲ್ಲಿ ಬ್ಯಾಗ್ ಬರಲು ಅರ್ಧ ತಾಸು, ಅಲ್ಲಿಂದ ಚಿಂಚ್ವಡಕ್ಕೆ ಸಂಜೆಯ ಟ್ರಾಫಿಕ್‌ನಲ್ಲಿ ಒಂದು ತಾಸಿಗೂ ಜಾಸ್ತಿ. ಎಲ್ಲ ಸೇರಿ ನಾಲ್ಕೂವರೆ, ಐದು ತಾಸು. ಕಾರಿನಲ್ಲಾದರೆ ಏಳೆಂಟು. ಆ ಮೊಣಕಾಲಿಗೆ ಈ ಮೂರು ತಾಸು ಸಣ್ಣದಲ್ಲ, ನಾನಾದರೆ ವಿಮಾನವನ್ನೇ ಆರಿಸುತ್ತೇನೆ.

ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕು ಅಂತ ಹೇಳಿ. ಯಾವ ವಿಮಾನ ಅಂತಲೂ ನೋಡಿ: ಎಟಿಆರ್ ಆದರೆ ಹತ್ತುವ ಬಾಗಿಲು ಹಿಂದೆ ಇರುತ್ತದೆ, ಹಿಂದಿನ ಸಾಲಿನ ಸೀಟು ಹಿಡಿಯಿರಿ, ನಡೆಯುವುದು ಕಡಿಮೆಯಾಗುತ್ತದೆ. ಕೈಚೀಲದಲ್ಲಿ ನಾಲ್ಕು ಪೆಪ್ಪರ್‌ಮಿಂಟ್ ಹಾಕಿ ಕೊಡಿಸಿ. ಇಳಿಯುವಾಗ ಬಾಯಲ್ಲಿಟ್ಟು ಚೀಪುತ್ತಿದ್ದರೆ ಕಿವಿ ಅಷ್ಟು ಕಟ್ಟುವುದಿಲ್ಲ.