‘ಮೇಟ್’ ಎಂದವನು ಗೆಳೆಯನೋ, ಜಗಳಗಂಟನೋ?

ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೊಸದಾಗಿ ಬಂದಿದ್ದೀರಿ. ಕಚೇರಿಯಲ್ಲಿ ಮ್ಯಾನೇಜರ್ ‘ಥ್ಯಾಂಕ್ಸ್, ಮೇಟ್’ ಎಂದರು, ಸಂಜೆ ಕಾರು ನಿಲ್ಲಿಸುವಾಗ ಅಪರಿಚಿತನೊಬ್ಬ ‘ಲಿಸನ್, ಮೇಟ್’ ಎಂದು ಗದರಿದ. ಎರಡೂ ಒಂದೇ ಪದವೇ, ನಾನೂ ಮ್ಯಾನೇಜರನ್ನು ಹಾಗೆ ಕರೆಯಬಹುದೇ ಎಂದು ಕೇಳಿದ್ದೀರಿ.

ಪದ ಒಂದೇ. ನಮ್ಮ ‘ಸ್ವಾಮಿ’ಯನ್ನು ನೆನಪಿಸಿಕೊಳ್ಳಿ. ‘ಬನ್ನಿ ಸ್ವಾಮಿ, ಕುಳಿತುಕೊಳ್ಳಿ’ ಎಂದರೆ ಆದರ. ‘ಏನು ಸ್ವಾಮಿ, ಕಣ್ಣು ಕಾಣುವುದಿಲ್ಲವೇ?’ ಎಂದರೆ ಅದೇ ಸ್ವಾಮಿ ಜಗಳಕ್ಕೆ ತೋಳೇರಿಸಿದಂತೆ. ಮೇಟ್ ಕೂಡ ಅದೇ ಜಾತಿಯದು. ಶಾಲೆಯಲ್ಲಿ ಓದಿದ ‘ಗೆಳೆಯ’, ‘ಸಂಗಾತಿ’ ಎಂಬ ಅರ್ಥಗಳನ್ನು ಹಿಡಿದುಕೊಂಡು ಕುಳಿತರೆ ಇಲ್ಲಿ ದಾರಿ ತಪ್ಪುತ್ತದೆ.

ನಾನು ಕಂಡುಕೊಂಡಿರುವ ಗುರುತು ಇಷ್ಟು. ಧನ್ಯವಾದ, ನಮಸ್ಕಾರ, ‘ಪರವಾಗಿಲ್ಲ’ ಇಂಥ ಮಾತುಗಳ ಬಾಲಕ್ಕೆ ಅಂಟಿಕೊಂಡು ಸರಸರನೆ ಬಂದರೆ ಅದಕ್ಕೆ ವಿಶೇಷ ಅರ್ಥವೇ ಇಲ್ಲ, ಮಾತಿನ ಮೊನೆಯನ್ನು ಮೆತ್ತಗೆ ಮಾಡುತ್ತದೆ ಅಷ್ಟೇ. ಬಸ್ ಚಾಲಕನೂ ಹೇಳುತ್ತಾನೆ, ವೈದ್ಯರೂ ಹೇಳುತ್ತಾರೆ. ನಿಮ್ಮ ಹೆಸರು ಮರೆತವರಂತೂ ತಪ್ಪದೆ ಹೇಳುತ್ತಾರೆ! ಆದರೆ ‘ಲುಕ್’, ‘ಲಿಸನ್’ ಎಂಬ ಪದದ ನಂತರ, ಒಂದು ಕ್ಷಣ ತಡೆದು ಬಂದರೆ ಎದುರಿನವರ ತಾಳ್ಮೆ ತೀರುತ್ತಿದೆ ಎಂದು ತಿಳಿಯಿರಿ. ಕಾರಿನ ಮನುಷ್ಯ ಹೇಳಿದ್ದು ಇದನ್ನೇ. ಅಲ್ಲಿ ನೀವೂ ತಿರುಗಿ ‘ಮೇಟ್’ ಎಂದರೆ ಜಗಳಕ್ಕೆ ಸಿದ್ಧ ಎಂದಂತೆ.

ಇನ್ನು ಎಳೆದು ಹೇಳುವ ‘ಮೇಏಏಟ್’. ಇದೊಂದೇ ಪದದಲ್ಲಿ ಆಸ್ಟ್ರೇಲಿಯಾದವರು ಇಡೀ ಸಂಭಾಷಣೆ ಮುಗಿಸಬಲ್ಲರು. ಬಹಳ ದಿನಗಳ ನಂತರ ಸಿಕ್ಕಿದ ಸ್ನೇಹಿತನಿಗೆ ಅದು ಸ್ವಾಗತ, ಕೈತಪ್ಪಿದ ಕ್ಯಾಚ್‌ಗೆ ಮರುಕ, ಉತ್ಪ್ರೇಕ್ಷೆಯ ಕಥೆಗೆ ‘ಸಾಕು, ಬಿಡು’. ಸ್ವರ ಏರುತ್ತದೆಯೋ ಇಳಿಯುತ್ತದೆಯೋ ಎಂದು ಕಿವಿಗೊಡಬೇಕು. ನಿಘಂಟು ಇಲ್ಲಿ ನೆರವಿಗೆ ಬಾರದು.

‘ಮೇಟ್ಸ್ ರೇಟ್ಸ್’ ಎಂದರೆ ಪರಿಚಯದವರಿಗೆ ಕೊಡುವ ರಿಯಾಯಿತಿ. ಕೊಳಾಯಿ ರಿಪೇರಿಗೆ ಬಂದವನು ಮೇಟ್ ಎಂದ ಮಾತ್ರಕ್ಕೆ ಅದನ್ನು ಕೇಳಬೇಡಿ. ಪತ್ರಿಕೆಗಳಲ್ಲಿ ‘ಜಾಬ್ಸ್ ಫಾರ್ ಮೇಟ್ಸ್’ ಎಂದು ಓದಿದರೆ ಅದು ತಮ್ಮವರಿಗೇ ಹುದ್ದೆ ಹಂಚಿದ ಆರೋಪ.

ಈ ಪದಕ್ಕಾಗಿ ಇವರು ರಾಜಕೀಯವನ್ನೂ ಮಾಡಿದ್ದಾರೆ. 1999ರಲ್ಲಿ ಪ್ರಧಾನಿ ಜಾನ್ ಹೊವಾರ್ಡ್ ಸಂವಿಧಾನದ ಪ್ರಸ್ತಾವನೆಯ ಕರಡಿನಲ್ಲಿ ‘ಮೇಟ್‌ಶಿಪ್’, ಅಂದರೆ ಗೆಳೆತನ, ಎಂಬ ಪದ ಸೇರಿಸಲು ಹೊರಟರು. ಅದು ಗಂಡಸರ ಪದ ಎಂಬ ಟೀಕೆ ಬಂತು, ಕೈಬಿಟ್ಟರು. ಆ ನವೆಂಬರ್‌ನ ಜನಮತಗಣನೆಯಲ್ಲಿ ಪ್ರಸ್ತಾವನೆಯೂ ಬಿದ್ದುಹೋಯಿತು. 2005ರಲ್ಲಿ ಕ್ಯಾನ್‌ಬೆರಾದ ಸಂಸತ್ ಭವನದ ಕಾವಲು ಸಿಬ್ಬಂದಿ ಯಾರನ್ನೂ ಮೇಟ್ ಎನ್ನಬಾರದೆಂದು ಆದೇಶ ಹೊರಟಿತು. ಗೌರವ ಸಾಲದು ಎಂದು ಯಾರಿಗೋ ಅನ್ನಿಸಿರಬೇಕು. ರಾಜಕಾರಣಿಗಳೇ ಆಕ್ಷೇಪಿಸಿ, ಸುಮಾರು ಒಂದು ದಿನದೊಳಗೆ ಆದೇಶ ಹಿಂದೆ ಹೋಯಿತು. ಕಾವಲುಗಾರನ ಪರವಾಗಿ ಸಂಸದರು ನಿಂತದ್ದು ನನಗಂತೂ ಈ ದೇಶದ ಬಗ್ಗೆ ಬಹಳ ಹೇಳಿತು.

ಗಂಡಸರ ಪದ ಎಂಬ ಟೀಕೆ ಪೂರ್ತಿ ಸುಳ್ಳಲ್ಲ. ಇಂದು ಹೆಂಗಸರೂ ಧಾರಾಳವಾಗಿ ಬಳಸುತ್ತಾರೆ, ಆದರೂ ಪರಿಚಯವಿಲ್ಲದ ಹೆಂಗಸಿಗೆ ನೀವಾಗಿಯೇ ಹೇಳುವ ಮುನ್ನ ಸ್ವಲ್ಪ ಯೋಚಿಸಿ. ನ್ಯಾಯಾಲಯದಲ್ಲಿ, ಕೆಲಸದ ಸಂದರ್ಶನದಲ್ಲಿ ಬೇಡವೇ ಬೇಡ.

ಮ್ಯಾನೇಜರ್ ವಿಚಾರಕ್ಕೆ ಬರುತ್ತೇನೆ. ಅವರು ಅನ್ನುತ್ತಿದ್ದರೆ ನೀವೂ ಅನ್ನಬಹುದು, ಯಾರೂ ಹುಬ್ಬು ಏರಿಸುವುದಿಲ್ಲ. ನಾಲಿಗೆ ಹೊರಳುವವರೆಗೆ ಅವರ ಹೆಸರು ಹಿಡಿದೇ ಕರೆಯಿರಿ. ‘ಸರ್’ ಎಂದು ಮಾತ್ರ ಅನ್ನಬೇಡಿ. ಪಾಪ, ಅವರಿಗೆ ಮುಜುಗರವಾಗುತ್ತದೆ.